ಮೂರು ಸೆರಗಿನಲ್ಲಿ ಒಂದು

ತುರ್ಕಿಯ ರಾಜಧಾನಿ ಅಂಕಾರಾದಲ್ಲಿ ನಾವಿದ್ದ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಸಂದೂಕದಲ್ಲಿ ಒಂದು ಹಳೆಯ ನಿಲುವಂಗಿ ಇತ್ತು. ಅದರ ಮುಂದಿನ ಬಲಗಡೆಯ ಸೆರಗು ಇರಲಿಲ್ಲ. ಹರಿದು ಹೋದದ್ದಲ್ಲ, ಇಲಿ ಕಡಿದದ್ದೂ ಅಲ್ಲ. ಸೊಂಟದ ಹತ್ತಿರ ಯಾರೋ ಕತ್ತರಿ ಹಿಡಿದು, ಕೈ ನಡುಗದೆ, ನೇರವಾಗಿ ಕತ್ತರಿಸಿ ತೆಗೆದಿದ್ದರು. ಕತ್ತರಿಸಿದ ಅಂಚನ್ನು ಒಳಗೆ ಮಡಚಿ ಸಣ್ಣ ಹೊಲಿಗೆಯನ್ನೂ ಹಾಕಿದ್ದರು. ನಾನು ಧಾರವಾಡಕ್ಕೆ ವಾಪಸ್ ಬಂದು ಆರು ವರ್ಷವಾಯಿತು. ಅಲ್ಲಿ ನೋಡಿದ ಎಷ್ಟೋ ಮಸೀದಿ, ಅರಮನೆ, ಪೇಟೆಗಳು ಮಸುಕಾಗಿವೆ. ಆ ಇಲ್ಲದ ಸೆರಗು ಮಾತ್ರ ಇನ್ನೂ ತಲೆಯಲ್ಲಿ ಕೂತಿದೆ.

ಅವರನ್ನು ನಾನು ತೆಯ್ಜೆ ಅಂತ ಕರೆಯುತ್ತಿದ್ದೆ. ಅಮ್ಮನ ಅಕ್ಕತಂಗಿಯರಿಗೆ ಅಲ್ಲಿ ಹಾಗೆ ಅನ್ನುತ್ತಾರೆ. ಪರಿಚಯದ ಹಿರಿಯ ಹೆಂಗಸರಿಗೂ ಅದೇ ಮಾತು, ನಮ್ಮ ಕಡೆ ಮೌಶಿ ಅಂದ ಹಾಗೆ. ಅವರು ನನ್ನನ್ನು ‘ಕಿಜಮ್’ ಅನ್ನುತ್ತಿದ್ದರು, ಅಂದರೆ ‘ನನ್ನ ಮಗಳೇ’. ಅವರ ತವರು ಸಿರಿಯಾ ಗಡಿಯ ಹತ್ತಿರದ ಗಾಜಿಆಂತೆಪ್. ಅಲ್ಲಿಯವರು ಸುಮ್ನೆ ಆಂತೆಪ್ ಅಂತಲೇ ಕರೆಯುತ್ತಾರೆ. ಒಂದು ಚಳಿಗಾಲದ ಮಧ್ಯಾಹ್ನ, ಹೊರಗೆ ಹಿಮ ಬೀಳುತ್ತಿತ್ತು. ಚಹಾ ಕುಡಿದಾದ ಮೇಲೆ ಅವರು ಮಂಚದ ಪಕ್ಕದ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿದರು. ‘ಸಂದಿಕ್’ ಅಂದರು. ಸಂದೂಕ! ನನಗೆ ಆ ಒಂದು ಪದಕ್ಕೇ ಕಣ್ಣು ತುಂಬಿ ಬಂತು. ಪರದೇಶದಲ್ಲಿ ಇದ್ದವರಿಗೆ ಇದು ಗೊತ್ತಿರುತ್ತದೆ. ಒಳಗಿದ್ದ ಬಟ್ಟೆಗಳೆಲ್ಲ ಬೊಹ್ಚಾಗಳಲ್ಲಿ ಇದ್ದವು. ಬೊಹ್ಚಾ ಅಂದರೆ ಒಂದು ಚೌಕ ಬಟ್ಟೆ. ನಡುವೆ ಸಾಮಾನು ಇಟ್ಟು ನಾಲ್ಕು ಮೂಲೆಗಳನ್ನೂ ಮೇಲೆ ಮಡಚುತ್ತಾರೆ. ಅವುಗಳ ನಡುವೆ ಹಸಿರು ಸಾಬೂನಿನ ತುಂಡುಗಳನ್ನು ಇಟ್ಟಿದ್ದರು. ಸಾಬೂನಿಗೂ ಅವರು ಸಾಬುನ್ ಅಂತಲೇ ಅನ್ನುತ್ತಾರೆ.

ಕೊನೆಯ ಬೊಹ್ಚಾ ಬಿಚ್ಚಿದಾಗ ಹಳದಿ ಮತ್ತು ಮಾಗಿದ ದಾಳಿಂಬೆ ಬಣ್ಣದ ಪಟ್ಟೆಗಳ ಆ ನಿಲುವಂಗಿ ಹೊರಬಂತು. ಅಷ್ಟು ಹಳೆಯದು, ಆದರೂ ಕಿಟಕಿಯ ಬೆಳಕಿಗೆ ಹಿಡಿದರೆ ನೀರಿನ ಹಾಗೆ ಹೊಳೆಯುತ್ತಿತ್ತು. ಹರಡಿದ ಮೇಲೆ ನೋಡುತ್ತೇನೆ, ಒಂದು ಸೆರಗೇ ಇಲ್ಲ. ನಾನು ತಟ್ಟನೆ ‘ಯಾಜಕ್’ ಅಂದೆ. ಒಳ್ಳೆಯದು ಏನಾದರೂ ಹಾಳಾದರೆ ಅಲ್ಲಿ ಆಡುವ ಮಾತು ಅದು. ತೆಯ್ಜೆ ನನ್ನ ಮುಖ ನೋಡಿದರು. ‘ಯಾಕೆ ಯಾಜಕ್, ಮಗಳೇ? ನಮ್ಮಮ್ಮ ಕತ್ತರಿಸಿದಳು. ಬೇಕಿತ್ತು, ಕತ್ತರಿಸಿದಳು’ ಅಂದರು. ಯಾತಕ್ಕೆ ಅಂತ ಕೇಳಿದೆ. ತಮ್ಮ ಮದುವೆಯ ದಿಂಬಿನ ಹೊದಿಕೆಗೆ ಅಂದರು. ಎರಡು ತಿಂಗಳ ಮೇಲೆ ಮತ್ತೆ ಮಾತು ಬಂದಾಗ, ತಮ್ಮನ ಸುನ್ನತಿಗೆ ಮೇಲಂಗಿ ಹೊಲಿಯಲು ಅಂದರು. ಎರಡು ಉತ್ತರಗಳೂ ಒಂದೇ ದನಿಯಲ್ಲಿ, ಒಂದೇ ಖಾತ್ರಿಯಲ್ಲಿ ಬಂದವು.

ಹಕ್ಕಿ ಇರುವ ಅಂಗಿ

ಆ ನಿಲುವಂಗಿಯ ಹೆಸರು ಉಚೆತೆಕ್. ಉಚ್ ಅಂದರೆ ಮೂರು. ಎತೆಕ್ ಅಂದರೆ ಲಂಗವೂ ಹೌದು, ಬಟ್ಟೆಯ ಕೆಳ ಅಂಚೂ ಹೌದು. ಬೆಟ್ಟದ ತಪ್ಪಲಿಗೂ ತುರ್ಕರು ಬೆಟ್ಟದ ಎತೆಕ್ ಅಂತಲೇ ಹೇಳುತ್ತಾರೆ. ಕನ್ನಡದಲ್ಲಿ ನಾನು ಸೆರಗು ಅಂತ ಕರೆದುಕೊಂಡಿದ್ದೇನೆ, ಪೂರ್ತಿ ಸರಿಯಲ್ಲದಿದ್ದರೂ ಹತ್ತಿರವಿದೆ. ಮುಂದೆ ನಡುವೆ ಸೀಳು, ಎರಡೂ ಪಕ್ಕಗಳಲ್ಲಿ ಸೀಳು. ಹಾಗಾಗಿ ಸೊಂಟದ ಕೆಳಗೆ ಮುಂದೆ ಎರಡು, ಹಿಂದೆ ಒಂದು, ಒಟ್ಟು ಮೂರು ಸೆರಗು. ಒಳಗೆ ತೆಳ್ಳನೆಯ, ನಿರಿಗೆಗಟ್ಟಿದಂಥ ಬಟ್ಟೆಯ ಗೊಮ್ಲೆಕ್, ಅಂದರೆ ಉದ್ದ ಒಳಅಂಗಿ. ಕೆಳಗೆ ಗಜಗಟ್ಟಲೆ ಬಟ್ಟೆಯ ಶಲ್ವಾರ್. ಅದನ್ನು ಬಿಗಿಯುವ ಲಾಡಿಗೆ ಉಚ್ಕುರ್ ಅನ್ನುತ್ತಾರೆ. ಅದರ ಎರಡು ತುದಿಗಳಿಗೆ ಹಳೆಯ ಕಾಲದ ಹೆಂಗಸರು ಎಷ್ಟು ಕಸೂತಿ ಹಾಕಿದ್ದಾರೆ ಅಂದರೆ, ಬರೀ ಉಚ್ಕುರ್‌ಗಳೇ ವಸ್ತುಸಂಗ್ರಹಾಲಯಗಳಲ್ಲಿ ಚೌಕಟ್ಟಿನೊಳಗೆ ಕೂತಿವೆ. ಮೇಲಂಗಿಯ ಕೆಳಗೆ ಮುಚ್ಚಿಹೋಗುವ ಲಾಡಿಗೆ ಅಷ್ಟು ದಿನ ಕೂತು ಹೂವು ಬಿಡಿಸುವ ಮನಸ್ಸನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಇವೆಲ್ಲದರ ಮೇಲೆ ಉಚೆತೆಕ್. ಸೊಂಟಕ್ಕೆ ಅಗಲವಾದ ಪಟ್ಟಿ, ಕುಶಾಕ್.

ಕೆಲಸ ಮಾಡುವಾಗ ಮುಂದಿನ ಎರಡೂ ಸೆರಗುಗಳನ್ನು ಎತ್ತಿ ಕುಶಾಕ್‌ಗೆ ಸಿಕ್ಕಿಸಿಕೊಳ್ಳುತ್ತಾರೆ. ಒಳಗಿನ ಅಸ್ತರಿನ ಬಣ್ಣ ಹೊರಗೆ ಕಾಣುತ್ತದೆ. ಕಾಲುಗಳಿಗೆ ಬಿಡುವು ಸಿಗುತ್ತದೆ. ನಾನು ನೋಡಿದ ಪ್ರದರ್ಶನದ ಗೊಂಬೆಗಳೆಲ್ಲ ಸೆರಗು ಇಳಿಬಿಟ್ಟುಕೊಂಡು, ಕೈ ಕಟ್ಟಿಕೊಂಡು ನಿಂತಿದ್ದವು. ಹಾಗೆ ನಿಲ್ಲಿಸಿದರೆ ಆ ಬಟ್ಟೆಯ ಅರ್ಧ ಗುಟ್ಟು ಹೋಯಿತು ಅಂತ ನನಗೆ ಅನಿಸುತ್ತದೆ. ಆ ಸೀಳುಗಳು ಇರುವುದೇ ಎತ್ತಿ ಸಿಕ್ಕಿಸುವುದಕ್ಕೆ. ತುರ್ಕಿಯ ಏಷ್ಯಾ ಭಾಗವಾದ ಅನಾತೋಲಿಯಾದ ಹಳ್ಳಿಗಳಲ್ಲಿ, ಕುರಿ ಕಾಯುತ್ತಾ ಅಲೆಯುತ್ತಿದ್ದ ಯೋರುಕ್ ಜನರಲ್ಲಿ ಉಚೆತೆಕ್ 20ನೇ ಶತಮಾನದಲ್ಲೂ ನಡೆದುಕೊಂಡು ಬಂತು. ಕೂತು ಬಾಳುವವರ ಬಟ್ಟೆ ಆಗಿದ್ದರೆ ಅದು ಅಷ್ಟು ದಿನ ಬಾಳುತ್ತಿರಲಿಲ್ಲ. ಅಲೆವಿ ಪಂಥದವರು ಸೆಮಾಹ್ ಎಂಬ ಪ್ರಾರ್ಥನೆಯ ಕುಣಿತ ಸುತ್ತುವಾಗ ಹೆಂಗಸರು ಅದನ್ನು ಈಗಲೂ ಹಾಕಿಕೊಳ್ಳುತ್ತಾರೆ.

ತೆಯ್ಜೆ ನನಗೆ ಆ ದಿನ ಹೊಲಿಗೆ ತೋರಿಸಿದರು. ಕೈಮಗ್ಗದ ಬಟ್ಟೆಯ ಅಗಲ ಕಡಿಮೆ. ಆ ಅಗಲವನ್ನೇ ಅಳತೆ ಮಾಡಿಕೊಂಡು ಹೆಗಲಿನಿಂದ ಕೆಳಗಿನವರೆಗೆ ನೇರವಾಗಿ ಒಂದು ತುಂಡು ಇಳಿಸುತ್ತಾರೆ. ಘೇರು ಬೇಕಾದಲ್ಲಿ ಪಕ್ಕಕ್ಕೆ ತ್ರಿಕೋನದ ತುಂಡು ಸೇರಿಸುತ್ತಾರೆ. ಆ ತ್ರಿಕೋನವನ್ನೂ ಉದ್ದನೆಯ ತುಂಡೊಂದನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಮಾಡಿಕೊಳ್ಳುವುದು. ಒಂದು ಕಡೆ ಬಲಕ್ಕೆ, ಇನ್ನೊಂದು ಎಡಕ್ಕೆ. ಚೂರೂ ವ್ಯರ್ಥವಿಲ್ಲ. ಕಂಕುಳಲ್ಲಿ ಕೈ ಸಲೀಸಾಗಿ ಎತ್ತಲು ಬರಲಿ ಅಂತ ಒಂದು ಪುಟ್ಟ ಚೌಕ ಇಡುತ್ತಾರೆ. ‘ಇದಕ್ಕೆ ಕುಶ್ ಅನ್ನುತ್ತೇವೆ’ ಅಂದರು. ಕುಶ್ ಅಂದರೆ ಹಕ್ಕಿ. ಕೈ ಎತ್ತಿ ತೋರಿಸಿದರು, ಇಳಿಸಿದರು. ಕೈ ಇಳಿಸಿದಾಗ ಮಡಚಿಕೊಳ್ಳುತ್ತದೆ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ನಾನು ನನ್ನ ಕಂಕುಳನ್ನೇ ಮುಟ್ಟಿ ನೋಡಿಕೊಂಡೆ.

ಇಂಥ ಹೊಲಿಗೆಯಲ್ಲಿ ಇನ್ನೊಂದು ವಿಷಯವಿದೆ. ಅದು ನನಗೆ ಬಹಳ ತಡವಾಗಿ ಹೊಳೆಯಿತು. ಮೈಗೆ ಅಂಟುವ ಹಾಗೆ ಬಳುಕಿಸಿ ಕತ್ತರಿಸಿದ ಬಟ್ಟೆಯನ್ನು ಬಿಚ್ಚಿದರೆ ಸೊಟ್ಟಪಟ್ಟ ತುಂಡುಗಳು ಸಿಗುತ್ತವೆ. ಅದರಿಂದ ಇನ್ನೊಂದು ಹೊಲಿಯುವುದು ಕಷ್ಟ. ಉಚೆತೆಕ್‌ನ ಹೊಲಿಗೆ ಬಿಚ್ಚಿದರೆ ಸಿಗುವುದು ಉದ್ದುದ್ದ ನೇರ ಬಟ್ಟೆ. ನಿಲುವಂಗಿಯಾಗಿದ್ದಾಗಲೂ ಅದು ಒಳಗೊಳಗೇ ಬಟ್ಟೆಯಾಗಿಯೇ ಉಳಿದಿರುತ್ತದೆ. ನಾಳೆ ಇನ್ನೇನೋ ಆಗಲು ತಯಾರಾಗಿಯೇ ಇರುತ್ತದೆ.

ಬಟ್ಟೆಯ ಹೆಸರು ಹೇಳಿದ್ದೇ ಮರೆತೆ. ಅದು ಕುತ್ನು, ಆಂತೆಪ್‌ನ ಹೆಮ್ಮೆ. ಹಾಸು ರೇಷ್ಮೆ, ಹೊಕ್ಕು ಹತ್ತಿ. ನೇಯುವಾಗ ರೇಷ್ಮೆಯೆಲ್ಲ ಮೇಲೆ ಹೊಳೆಯುತ್ತದೆ, ಹತ್ತಿ ಮೈಗೆ ತಾಗುತ್ತದೆ. ಈಗ ಹೆಚ್ಚಾಗಿ ಕೃತಕ ರೇಷ್ಮೆ. ಇಂಥದೇ ಬಟ್ಟೆ ನಮ್ಮ ದೇಶದಲ್ಲೂ ಇದೆ. ಗುಜರಾತಿನಲ್ಲಿ, ದಖ್ಖನಿನಲ್ಲಿ ಅದನ್ನು ಮಶ್ರು ಅನ್ನುತ್ತಾರೆ. ಮಶ್ರು ಅಂದರೆ ‘ಧರ್ಮ ಒಪ್ಪಿದ್ದು’. ಇಸ್ಲಾಮಿನಲ್ಲಿ ಗಂಡಸರು ಅಪ್ಪಟ ರೇಷ್ಮೆ ಉಡಬಾರದು. ಮೈಗೆ ಹತ್ತಿ ತಾಗಿದರೆ ತೊಂದರೆ ಇಲ್ಲ. ಕುತ್ನು ಅನ್ನುವ ಹೆಸರೂ ಅರಬ್ಬಿಯ ಹತ್ತಿಯಿಂದಲೇ ಬಂದದ್ದು. ಊರಿಗೆ ಬಂದ ಮೇಲೆ ಹಳೆಯ ನಿಘಂಟು ತೆಗೆದು ನೋಡಿದರೆ ಕನ್ನಡದಲ್ಲೂ ‘ಕುತನಿ’ ಇದೆ! ಅಲ್ಲಿಂದ ಇಲ್ಲಿಯವರೆಗೆ ಒಂದೇ ಬಟ್ಟೆಯ ಹೆಸರು ಬಾಯಿಂದ ಬಾಯಿಗೆ ನಡೆದು ಬಂದಿದೆ. ಆ ಪುಟವನ್ನು ನಾನು ಎಷ್ಟೋ ಹೊತ್ತು ಮುಚ್ಚಲಿಲ್ಲ.

ಗಾಜಿನ ಹಿಂದೆ ಯಾರು

ಇಸ್ತಾಂಬುಲ್‌ನ ಟೋಪ್‌ಕಪಿ ಅರಮನೆಗೆ ಹೋದವರೆಲ್ಲ ಸುಲ್ತಾನರ ಕಾಫ್ತಾನುಗಳನ್ನು, ಅಂದರೆ ಉದ್ದ ಮೇಲಂಗಿಗಳನ್ನು, ನೋಡಿರುತ್ತಾರೆ. ಬಣ್ಣ ಇಂದು ಹಾಕಿದ ಹಾಗಿದೆ. ನೆಲ ಮುಟ್ಟುವ ಖಾಲಿ ತೋಳುಗಳು, ಬುರ್ಸಾ ಊರಿನ ಮಖಮಲ್ಲು, ಹಸ್ತದಷ್ಟು ದೊಡ್ಡ ಹೂವುಗಳು. ಅರಮನೆಯ ಸಂಗ್ರಹದಲ್ಲಿ ಅಂಥವು ಸಾವಿರಕ್ಕೂ ಜಾಸ್ತಿ ಇವೆ. ಇಷ್ಟು ಉಳಿಯಲು ಕಾರಣ ಒಂದು ಪದ್ಧತಿ. ಸುಲ್ತಾನ ತೀರಿಕೊಂಡರೆ ಅವನ ಬಟ್ಟೆಗಳನ್ನು ಬೊಹ್ಚಾದಲ್ಲಿ ಕಟ್ಟಿ, ಹೆಸರಿನ ಚೀಟಿ ಹಚ್ಚಿ, ಖಜಾನೆಯಲ್ಲಿ ಇಡುತ್ತಿದ್ದರು. ನಾನು ಆ ಸಾಲಿನಲ್ಲಿ ಹೆಂಗಸರ ಬಟ್ಟೆ ಎಲ್ಲಿ ಅಂತ ಹುಡುಕಿದೆ. ಸುಲ್ತಾನ ಸುಲೈಮಾನನ ಹೆಂಡತಿ ಹುರ್ರೆಮ್‌ಗಾಗಿ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಹಮಾಮು ಆಯಾಸೋಫಿಯಾ ಮಸೀದಿಯ ಎದುರಿಗೆ ಈಗಲೂ ನಿಂತಿದೆ, ಅಲ್ಲಿ ಈಗಲೂ ಜನ ಮೀಯುತ್ತಾರೆ. ಆದರೆ ಅವಳು ತೊಟ್ಟ ಒಂದು ಎಂತಾರಿ ನನ್ನ ಕಣ್ಣಿಗೆ ಬೀಳಲಿಲ್ಲ. (ಎಂತಾರಿ ಅಂದರೆ ಪಟ್ಟಣದ, ಅರಮನೆಯ ಹೆಂಗಸರ ಉದ್ದ ನಿಲುವಂಗಿ. ಉಚೆತೆಕ್‌ನ ಅಕ್ಕ ಅನ್ನಬಹುದು.)

ಅವತ್ತು ನನಗೆ ಸಿಟ್ಟು ಬಂದಿತ್ತು. ಗಂಡಸರ ಬಟ್ಟೆ ಖಜಾನೆಗೆ, ಹೆಂಗಸರದ್ದು ಎಲ್ಲಿಗೋ. ಆ ಸಿಟ್ಟು ಈಗಲೂ ತಪ್ಪು ಅಂತ ಅನಿಸುವುದಿಲ್ಲ. ಯಾರ ಬಟ್ಟೆಗೆ ಚೀಟಿ ಹಚ್ಚುತ್ತಾರೆ ಅನ್ನುವುದು ಸಣ್ಣ ವಿಷಯವಲ್ಲ. ಆದರೆ ‘ಎಲ್ಲಿಗೋ’ ಅಂತ ಬಿಟ್ಟಿದ್ದೆನಲ್ಲ, ಅಲ್ಲಿ ನಾನು ಯೋಚಿಸುವುದನ್ನು ನಿಲ್ಲಿಸಿಬಿಟ್ಟಿದ್ದೆ. ಆಟೊಮನ್ ಕಾಲದಲ್ಲಿ ಒಬ್ಬರು ತೀರಿಕೊಂಡರೆ ಕಾಜಿಯ ಕಡೆಯವರು ಆಸ್ತಿಯ ಪಟ್ಟಿ ಬರೆಯುತ್ತಿದ್ದರು. ತೆರೆಕೆ ದಫ್ತರ ಅಂತ ಅದಕ್ಕೆ ಹೆಸರು. ಹೆಂಗಸರ ಪಟ್ಟಿಗಳಲ್ಲಿ ಬಳೆ, ತಾಮ್ರದ ಪಾತ್ರೆಗಳ ಜೊತೆಗೆ ಒಂದೊಂದು ಎಂತಾರಿಯೂ, ಒಂದೊಂದು ಕುಶಾಕೂ ಬೆಲೆಯೊಂದಿಗೆ ದಾಖಲಾಗಿವೆ. ಬಟ್ಟೆ ಅಂದರೆ ದುಡ್ಡು. ಅದು ವಾರಸುದಾರರಿಗೆ ಹಂಚಿ ಹೋಗುತ್ತಿತ್ತು, ಮಾರಾಟವಾಗುತ್ತಿತ್ತು, ಮಗಳ ಮೈಗೆ ಸರಿಹೋಗುವಂತೆ ಬಿಚ್ಚಿ ಹೊಲಿಯಲ್ಪಡುತ್ತಿತ್ತು. ಸುಲ್ತಾನನ ಕಾಫ್ತಾನು ಅವನೊಂದಿಗೇ ನಿಂತುಹೋಯಿತು. ಅವನ ತಂಗಿಯ ಎಂತಾರಿ ಇನ್ನೂ ಹಲವರ ಮೈ ಮೇಲೆ ಹೋಗಿ ಬಂದಿರಬೇಕು.

ಹಾಗಾದರೆ ಆ ಹೆಂಗಸರು ಏನು ತೊಡುತ್ತಿದ್ದರು ಅಂತ ನಮಗೆ ತಿಳಿಯುವುದು ಹೇಗೆ? ಸ್ವಲ್ಪ ಅರಮನೆಯ ಚಿತ್ರಕಾರ ಲೆವ್ನಿಯ ಚಿತ್ರಗಳಿಂದ. ಸ್ವಲ್ಪ ಹೊರಗಿನಿಂದ ಬಂದವರಿಂದ. ಹೊರಗಿನ ಗಂಡಸರಿಗೆ ಹೆಂಗಸರ ಕೋಣೆಯ ಬಾಗಿಲು ಮುಚ್ಚಿತ್ತು. ಹಾಗಾಗಿ 1738ರಿಂದ 1742ರವರೆಗೆ ಇಸ್ತಾಂಬುಲ್‌ನಲ್ಲಿದ್ದ ಲಿಯೋಟಾರ್‌ನಂಥ ಚಿತ್ರಕಾರರು ತುರ್ಕಿ ಉಡುಪು ತೊಟ್ಟ ಯುರೋಪಿನ ಮನೆತನಗಳ ಹೆಂಗಸರನ್ನು ಕೂರಿಸಿಕೊಂಡು ಬರೆದದ್ದೂ ಉಂಟು. ಇಂಗ್ಲೆಂಡಿನ ರಾಯಭಾರಿಯ ಹೆಂಡತಿ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು ಒಳಗೆ ಹೋಗಿ ಕೂತು ಬಂದವರು. 1717ರ ಏಪ್ರಿಲ್ 1ರಂದು ಎದಿರ್ನೆ ಊರಿನಿಂದ ತಂಗಿಗೆ ಬರೆದ ಪತ್ರದಲ್ಲಿ ತಾವು ಹೊಲಿಸಿಕೊಂಡ ತುರ್ಕಿ ಉಡುಪನ್ನು ಒಂದೊಂದಾಗಿ ವರ್ಣಿಸಿದ್ದಾರೆ. ಗುಲಾಬಿ ಬಣ್ಣದ ಶಲ್ವಾರ್, ಕುತ್ತಿಗೆಯಲ್ಲಿ ವಜ್ರದ ಗುಂಡಿ ಹಾಕುವ ತೆಳು ರೇಷ್ಮೆಯ ಒಳಅಂಗಿ, ಮೈಗೆ ಕೂರುವ ಎಂತಾರಿ, ಮೇಲೆ ಕಾಫ್ತಾನು, ನಾಲ್ಕು ಬೆರಳು ಅಗಲದ ಸೊಂಟಪಟ್ಟಿ. ಬೀದಿಗೆ ಹೋಗುವಾಗ ಹೆಂಗಸರು ಹಾಕುವ ಫೆರಾಜೆ ಎಂಬ ಸಡಿಲ ನಿಲುವಂಗಿ, ಮುಖಕ್ಕೆ ಯಾಶ್ಮಾಕ್. ಅದರೊಳಗೆ ಇದ್ದರೆ ಸ್ವಂತ ಗಂಡನಿಗೂ ಗುರುತು ಸಿಗುವುದಿಲ್ಲ, ಹಾಗಾಗಿ ಇವರಿಗೆ ನಮಗಿಂತ ಹೆಚ್ಚು ಸ್ವಾತಂತ್ರ್ಯ ಅಂತ ಆಕೆಯ ಅಭಿಪ್ರಾಯ. ಒಬ್ಬ ಶ್ರೀಮಂತ ಅತಿಥಿಗೆ ಹಾಗೆ ಕಂಡಿತು. ಪೂರ್ತಿ ಒಪ್ಪಲು ನನ್ನಿಂದ ಆಗುವುದಿಲ್ಲ. ಅದೇ 18ನೇ ಶತಮಾನದಲ್ಲಿ ಫೆರಾಜೆಯ ಕಾಲರ್ ಎಷ್ಟು ಅಗಲ ಇರಬೇಕು ಅಂತಲೂ ಸರ್ಕಾರದ ಆಜ್ಞೆಗಳು ಹೊರಟಿದ್ದವು. ಕಾಲರ್ ಅಗಲ ಮಾಡುತ್ತಲೇ ಹೋದ ಹೆಂಗಸರು ಇದ್ದರು ಅಂತ ಆ ಆಜ್ಞೆಗಳಿಂದಲೇ ನಮಗೆ ತಿಳಿಯುತ್ತದೆ, ಅಲ್ವಾ?

ಹೆಂಗಸರ ಬಟ್ಟೆ ಕಣ್ಣಾರೆ ನೋಡಬೇಕಾದರೆ ಇಸ್ತಾಂಬುಲ್‌ನ ಉತ್ತರಕ್ಕೆ, ಬಾಸ್ಫರಸ್ ದಂಡೆಯ ಬುಯುಕ್‌ದೆರೆಗೆ ಹೋಗಬೇಕು. ಅಲ್ಲಿನ ಸಾದ್‌ಬೆರ್ಕ್ ಹಾನಿಮ್ ಮ್ಯೂಸಿಯಂ 1980ರಲ್ಲಿ ತೆರೆಯಿತು, ತುರ್ಕಿಯ ಮೊದಲ ಖಾಸಗಿ ವಸ್ತುಸಂಗ್ರಹಾಲಯ. ಸಾದ್‌ಬೆರ್ಕ್ ಕೋಚ್ ಎಂಬ ಹೆಂಗಸು ಬದುಕಿನುದ್ದಕ್ಕೂ ಕೂಡಿಟ್ಟ ಉಡುಪು, ಕಸೂತಿಗಳೇ ಅದರ ಬುನಾದಿ. ಹೆಂಗಸರ ಬಟ್ಟೆಗೆ ಚೀಟಿ ಹಚ್ಚಲು ಇನ್ನೊಬ್ಬ ಹೆಂಗಸೇ ಬರಬೇಕಾಯಿತು.

ಸಾವಿರ ರೆಂಬೆ

ಅಂಕಾರಾ ಬಿಡುವ ವರ್ಷ ತೆಯ್ಜೆಯ ಮೊಮ್ಮಗಳ ಮದುವೆ. ಹಿಂದಿನ ರಾತ್ರಿಯ ‘ಕಿನಾ ಗೆಜೆಸಿ’ಗೆ, ಅಂದರೆ ಮದರಂಗಿ ರಾತ್ರಿಗೆ, ನನ್ನನ್ನೂ ಕರೆದಿದ್ದರು. ಹುಡುಗಿ ಬಿನ್‌ದಾಲ್ಲಿ ತೊಟ್ಟಿದ್ದಳು. ಬಿನ್ ಅಂದರೆ ಸಾವಿರ, ದಾಲ್ ಅಂದರೆ ರೆಂಬೆ. ನೇರಳೆ ಅಥವಾ ಕಡುಗೆಂಪು ಮಖಮಲ್ಲಿನ ಮೇಲೆ ಕುತ್ತಿಗೆಯಿಂದ ಕಾಲಿನವರೆಗೆ ಚಿನ್ನದ ಬಣ್ಣದ ರೆಂಬೆ, ಎಲೆ, ಹೂವು. 19ನೇ ಶತಮಾನದಲ್ಲಿ ಮದುವೆಯ ಉಡುಪೇ ಇದಾಗಿತ್ತು. ಯುರೋಪಿನ ಬಿಳಿ ಗೌನು ಬಂದ ಮೇಲೆ ಬಿನ್‌ದಾಲ್ಲಿ ಒಂದು ದಿನ ಹಿಂದಕ್ಕೆ ಸರಿದು ಮದರಂಗಿ ರಾತ್ರಿಗೆ ಉಳಿಯಿತು. 1925ರ ಟೋಪಿ ಕಾಯ್ದೆ ಗಂಡಸರ ತಲೆಯ ಫೆಜ್ ತೆಗೆಸಿತು. ಹೆಂಗಸರ ಬಟ್ಟೆ ಹೀಗೆ ಮನೆಯೊಳಗೇ ಜಾಗ ಬದಲಾಯಿಸುತ್ತಾ ಬಂತು.

ಹಳೆಯ ಬಿನ್‌ದಾಲ್ಲಿಯ ಕಸೂತಿಗೆ ದಿವಾಲ್ ಅನ್ನುತ್ತಾರೆ. ಮರಾಶ್ ಊರಿನ ಕೆಲಸ ಅಂತಲೂ ಹೆಸರಿದೆ. ಮಖಮಲ್ಲಿನ ಮೇಲೆ ಸೂಜಿ ಆಡಿಸುವುದು ಕಷ್ಟ. ಅದಕ್ಕೆ ಹೂವಿನ ಆಕಾರವನ್ನು ಗಟ್ಟಿ ರಟ್ಟಿನಲ್ಲಿ ಕತ್ತರಿಸಿ ಬಟ್ಟೆಯ ಮೇಲೆ ಕೂರಿಸುತ್ತಾರೆ. ಲೋಹದ ಎಳೆಯನ್ನು ರಟ್ಟಿನ ಮೇಲೆ ಆ ಅಂಚಿನಿಂದ ಈ ಅಂಚಿಗೆ ಹಾಸುತ್ತಾ ಹೋಗುತ್ತಾರೆ. ಪ್ರತಿ ಅಂಚಿನಲ್ಲೂ ಕೆಳಗಿನಿಂದ ಬರುವ ಮೇಣ ಸವರಿದ ದಾರ ಅದನ್ನು ಹಿಡಿದು ಕಟ್ಟುತ್ತದೆ. ಬೆಲೆಬಾಳುವ ಎಳೆ ಒಂದು ಸಲವೂ ಬಟ್ಟೆಯ ಹಿಂಬದಿಗೆ ಹೋಗುವುದಿಲ್ಲ, ಅಷ್ಟೂ ಕಣ್ಣೆದುರಿಗೇ ಉಳಿಯುತ್ತದೆ. ಲೋಹದ ಎಳೆ ಸುತ್ತಿದ ದಾರಕ್ಕೆ ತುರ್ಕಿಯಲ್ಲಿ ಕಿಲಾಪ್ತಾನ್ ಅನ್ನುತ್ತಾರೆ. ನಮ್ಮ ಹಿರಿಯರು ಸೀರೆಯ ಜರಿಗೆ ಅನ್ನುತ್ತಿದ್ದ ಕಲಾಬತ್ತು ಅದೇ ಬಳ್ಳಿಯ ಪದ.

ಮೊಮ್ಮಗಳದ್ದು ಬಾಡಿಗೆಯ ಬಿನ್‌ದಾಲ್ಲಿ, ಮಿಷನ್ ಕಸೂತಿ. ಹೆಂಗಸರು ದೀಪ ಹಿಡಿದು ಸುತ್ತಿದರು. ಕೆಂಪು ಮುಸುಕಿನೊಳಗೆ ಕೂತ ಹುಡುಗಿ ಅಳುವವರೆಗೂ ಹಾಡು ಹಾಡಿದರು. ಅವಳು ಅಂಗೈ ಬಿಗಿಹಿಡಿದು ತೆರೆಯಲಿಲ್ಲ. ಅತ್ತೆ ಬಂದು ಚಿನ್ನದ ನಾಣ್ಯ ಇಟ್ಟ ಮೇಲೆ ಮುಷ್ಟಿ ಬಿಚ್ಚಿತು, ಮದರಂಗಿ ಬಿತ್ತು. ಆಮೇಲೆ ಡೋಲಿನ ಶಬ್ದ ಜೋರಾಯಿತು. ಎಲ್ಲರೂ ಕೈಬೆರಳು ಹೆಣೆದುಕೊಂಡು ಹಾಲಾಯ್ ಕುಣಿಯಲು ನಿಂತರು. ಹುಡುಗಿಗೆ ಉದ್ದದ ಮಖಮಲ್ಲು ಕಾಲಿಗೆ ತೊಡರಿತು. ಅವಳು ಬಗ್ಗಿ, ಮುಂದಿನ ಅಂಚನ್ನು ಎತ್ತಿ, ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. ನಾನು ತೆಯ್ಜೆಯ ಕಡೆ ತಿರುಗಿದೆ. ಅವರು ಚಪ್ಪಾಳೆ ತಟ್ಟುತ್ತಿದ್ದರು, ನೋಡಿದರೋ ಇಲ್ಲವೋ.

ಮರುದಿನ ಬಿಳಿ ಗೌನು. ತವರು ಬಿಡುವ ಮುಂಚೆ ಅಣ್ಣ ಬಂದು ಅವಳ ಸೊಂಟಕ್ಕೆ ಕೆಂಪು ರಿಬ್ಬನ್ ಕಟ್ಟಿದ. ಅದಕ್ಕೂ ಕುಶಾಕ್ ಅಂತಲೇ ಹೆಸರು.

ಈಗಲೂ ತೆಯ್ಜೆಗೆ ತಿಂಗಳಿಗೊಮ್ಮೆ ವಿಡಿಯೋ ಕಾಲ್ ಮಾಡುತ್ತೇನೆ. ನನ್ನ ತುರ್ಕಿ ತುಕ್ಕು ಹಿಡಿಯುತ್ತಿದೆ, ಅವರ ಕಿವಿ ಮಂದವಾಗುತ್ತಿದೆ. ಹೋದ ಸಂಕ್ರಾಂತಿಯ ಹೊತ್ತಿಗೆ ಆ ಸೆರಗಿನ ಬಗ್ಗೆ ಮತ್ತೆ ಕೇಳಿದೆ. ಈ ಸಲ, ಪಕ್ಕದ ಮನೆಯ ಹೆಣ್ಣುಮಗುವಿಗೆ ಹೊದಿಸಲು ಅಮ್ಮ ಕೊಟ್ಟಳು ಅಂದರು. ದಿಂಬು, ಮೇಲಂಗಿ, ಹೊದಿಕೆ. ಒಂದು ಸೆರಗಿನಲ್ಲಿ ಮೂರೂ ಆಗಿರಬಹುದು, ಒಂದಾದ ಮೇಲೆ ಒಂದು. ಆಮೇಲೆ ಅವರು, ‘ಉಳಿದ ಮುಂದಿನ ಸೆರಗನ್ನೂ ಕತ್ತರಿಸಿದೆ, ಮಗಳೇ’ ಅಂದರು. ನನ್ನ ಬಾಯಿಂದ ಯಾಜಕ್ ಬರಲಿಲ್ಲ. ‘ಏನು ಹೊಲಿದಿರಿ?’ ಅಂತ ಕೇಳಿದೆ.

ಸಂಜೆ ಫೋಟೋ ಬಂತು. ಮೊಮ್ಮಗಳ ಮಗಳಿಗೆ ಒಂದು ಪುಟ್ಟ ತೋಳಿನ ಅಂಗಿ, ಹಳದಿ ಮತ್ತು ದಾಳಿಂಬೆ ಪಟ್ಟೆ. ನಾನು ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಕಂಕುಳ ಹತ್ತಿರ ನೋಡಿದೆ. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು, ಆದರೆ ಹಕ್ಕಿ ಅಲ್ಲಿತ್ತು.